ಅಕ್ಕಡಿ ಸಾಲಿನ ಲೆಕ್ಕ

ಸಾವಯವ ಬೇಸಾಯದ ಲಾಭನಷ್ಟವನ್ನು ಮುಖ್ಯ ಬೆಳೆಯ ಕ್ವಿಂಟಲ್‌ಗಳಲ್ಲಿ ಮಾತ್ರ ಅಳೆಯುವ ರೂಢಿಯಿಂದಾಗಿ, ಮಳೆಯಾಶ್ರಿತ ಹೊಲದ ಆದಾಯದಲ್ಲಿ ಒಂದು ದೊಡ್ಡ ಪಾಲು ಲೆಕ್ಕಪುಸ್ತಕಕ್ಕೆ ಬಾರದೆಯೇ ಉಳಿಯುತ್ತದೆ. ಹಳೆ ಮೈಸೂರು ಸೀಮೆಯ ಅಕ್ಕಡಿ ಪದ್ಧತಿ, ಅಂದರೆ ಕೆಲವು ಸಾಲು ರಾಗಿಯ ನಡುವೆ ಒಂದೊಂದು ಸಾಲಿನಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆಗಳನ್ನು ಬಿತ್ತುವ ಕ್ರಮ, ಇದಕ್ಕೆ ಸ್ಪಷ್ಟ ನಿದರ್ಶನವಾಗಿದೆ. ಹುಚ್ಚೆಳ್ಳು ತನ್ನದೇ ಪರಾಗದಿಂದ ಸರಿಯಾಗಿ ಕಾಳು ಕಟ್ಟಲಾರದಾದ್ದರಿಂದ ಅದು ಜೇನನ್ನು ಹೊಲಕ್ಕೆ ಕರೆಯುತ್ತದೆ. ಎತ್ತರದ ಜೋಳದ ತೆನೆಯ ಮೇಲೆ ಕೂರುವ ಕಾಜಾಣ ಸುತ್ತಲಿನ ಹುಳುಗಳನ್ನು ಹಿಡಿಯುತ್ತದೆ. ಅವರೆ, ತೊಗರಿಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಈ ಯಾವ ಕೆಲಸಕ್ಕೂ ಅಂಗಡಿಯ ಬಿಲ್ಲು ಇಲ್ಲದಿರುವುದರಿಂದ ಪುಸ್ತಕದಲ್ಲಿ ಅವುಗಳ ಹೆಸರೂ ಇರುವುದಿಲ್ಲ.

ತುಮಕೂರು ಜಿಲ್ಲೆಯಲ್ಲಿರುವ ಅಂಕಣಕಾರರ ಎರಡು ಎಕರೆ ಹೊಲದ ಆರಂಭದ ವರ್ಷಗಳ ಪುಸ್ತಕದಲ್ಲಿ ಎರಡು ತಪ್ಪುಗಳು ಜೊತೆಜೊತೆಯಾಗಿ ಕಾಣುತ್ತವೆ. ರಾಗಿಯ ಇಳುವರಿ ಕುಸಿದದ್ದನ್ನು ನಷ್ಟವೆಂದು ಬರೆದಿದ್ದ ಆ ಪುಟಗಳಲ್ಲಿ, ಮನೆಗೆ ಬಂದ ಅವರೆ, ತೊಗರಿಬೇಳೆ, ಹುಚ್ಚೆಳ್ಳೆಣ್ಣೆ ಮತ್ತು ದನಗಳ ರಾಗಿಹುಲ್ಲಿನ ಬೆಲೆಯನ್ನು ಜಮೆ ಮಾಡಿರಲಿಲ್ಲ; ಅದಕ್ಕಿಂತ ಗಂಭೀರವಾದದ್ದೆಂದರೆ, ಕೊಟ್ಟಿಗೆ ಗೊಬ್ಬರ ಹೊರುವುದರಿಂದ ಹಿಡಿದು ಕಣದ ಒಕ್ಕಣೆಯವರೆಗೆ ಮನೆಯವರು ದುಡಿದ ದಿನಗಳಿಗೆ ಒಂದು ರೂಪಾಯಿಯನ್ನೂ ಹಾಕಿರಲಿಲ್ಲ. ಮೊದಲ ತಪ್ಪು ಬೇಸಾಯವನ್ನು ಅದು ಇರುವುದಕ್ಕಿಂತ ಬಡವಾಗಿ ತೋರಿಸಿದರೆ, ಎರಡನೆಯದು ಮನೆಯ ಹೆಂಗಸರ ದುಡಿಮೆಯನ್ನು ಲಾಭದ ಹೆಸರಿನಲ್ಲಿ ಮರೆಮಾಡುತ್ತದೆ.

ಗೊಬ್ಬರ, ಔಷಧಿಗಳಿಗೆ ಹೋಗುತ್ತಿದ್ದ ನಗದು ಉಳಿಯುವುದು ನಿಜ. ಒಂದು ಎಕರೆಗೆ ಬೇಕಾಗುವ ಜೀವಾಮೃತವೆಂಬ ದ್ರವಗೊಬ್ಬರಕ್ಕೆ 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, ತಲಾ 2 ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಸಾಕಾಗುತ್ತವೆ. ಆದರೆ ಕಳೆನಾಶಕವಿಲ್ಲದ ಹೊಲದಲ್ಲಿ ಕುಂಟೆ ಹೊಡೆದ ಮೇಲೂ ಸಾಲಿನೊಳಗೆ ಉಳಿಯುವ ಕಳೆಯನ್ನು ಕೂತು ಕೈಯಿಂದಲೇ ಕೀಳಬೇಕಾಗಿದ್ದು, ಅಂಕಣಕಾರರ ಪುಸ್ತಕದಲ್ಲಿ ಅತಿ ದೊಡ್ಡ ಖರ್ಚು ಇದೇ ಆಗಿದೆ. ಈ ಕೂಲಿಯನ್ನು ಹಿಂಡಿ ಉಳಿತಾಯ ಮಾಡುವುದು ತಪ್ಪು. ಪೇಟೆಯ ಅಂಗಡಿಗೆ ಹೋಗುತ್ತಿದ್ದ ಹಣ ಊರಿನ ಹೆಂಗಸರ ಕೈಸೇರುವುದೇ ಈ ಬೇಸಾಯದ ಸಾಮಾಜಿಕ ಲಾಭವಾಗಿದ್ದು, ಅವರ ಸೆರಗಿನ ಗಂಟಿನಲ್ಲಿಯೇ ನಾಟಿ ಅವರೆಯ ಬಿತ್ತನೆಬೀಜ ಹೊಲದಿಂದ ಹೊಲಕ್ಕೆ ಸಾಗುತ್ತದೆ. ಕೈಯಲ್ಲಿ ನಗದಿಲ್ಲದ ವಾರಗಳಲ್ಲಿ ಮುಯ್ಯಾಳು, ಅಂದರೆ ಒಬ್ಬರ ಹೊಲದ ದುಡಿಮೆಗೆ ಇನ್ನೊಬ್ಬರ ಹೊಲದಲ್ಲಿ ದುಡಿದು ತೀರಿಸುವ ಪದ್ಧತಿ, ನೆರವಾಗುತ್ತದೆ; ಅದನ್ನೂ ಸಾಲವೆಂದೇ ಬರೆದಿಡುವುದು ನ್ಯಾಯ.

ಹೆಚ್ಚಿನ ಬೆಲೆಯ ನಿರೀಕ್ಷೆಯನ್ನು ಆರಂಭದ ಬಜೆಟ್ಟಿನಲ್ಲಿ ಸೇರಿಸಬಾರದು. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಂತೆ ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ 2 ವರ್ಷಗಳ ಪರಿವರ್ತನಾ ಅವಧಿ, ಅಂದರೆ ರಾಸಾಯನಿಕ ಬಿಟ್ಟರೂ ಸಾವಯವದ ಮುದ್ರೆ ಸಿಗದ ಕಾಲ, ಇರುವುದರಿಂದ, ಎರಡು ಮುಂಗಾರುಗಳ ಖರ್ಚು ಕೈಯಲ್ಲಿರದೆ ಇಡೀ ಹೊಲವನ್ನು ಒಮ್ಮೆಗೇ ಬದಲಿಸುವುದು ಅಪಾಯಕರ. ಅಂಕಣಕಾರರ ಅವರೆಯನ್ನು ಮೇಲ್ಬೆಲೆಗೆ ಕೊಳ್ಳುವುದಾಗಿ ಬಾಯಿಮಾತಿನಲ್ಲಿ ಒಪ್ಪಿದ್ದ ವ್ಯಾಪಾರಿಯೊಬ್ಬರು ಕೊಯ್ಲಿನ ವಾರದಲ್ಲಿ ಹಿಂದೆ ಸರಿದಾಗ, ಸೊಗಡು ಆರುವ ಮೊದಲೇ ಮಾರಬೇಕಾದ ಹಸಿಕಾಯಿ ಸಂತೆಯ ದರಕ್ಕೇ ಹೋಯಿತು.

ರಾಗಿ ಮಾತ್ರ ಕಾಯಬಲ್ಲದು. ಹುಳು ಸುಲಭವಾಗಿ ಹಿಡಿಯದ ಆ ಕಾಳನ್ನು ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. 2025-26ರಲ್ಲಿ ಕ್ವಿಂಟಲ್‌ಗೆ 4,886 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಕೊಯ್ಲಿನ ಕಾಲದ ಪೇಟೆದರ ಕೆಳಗಿಳಿದಾಗ, ಬಡ್ಡಿಯ ಸಾಲವಿಲ್ಲದ ರೈತ ಮೂಟೆ ಬಿಚ್ಚದೆ ಇರಬಲ್ಲ. ತೊಗರಿ ಒಕ್ಕಣೆಯಾಗಿ, ಹುಚ್ಚೆಳ್ಳು ಗಾಣ ಕಂಡ ಮೇಲೆ, ಅಂಕಣಕಾರರ ಪುಸ್ತಕ ಈಗ ಯುಗಾದಿಗೆ ಮುಚ್ಚುತ್ತದೆ. ಅದರ ಕೊನೆಯ ಸಾಲಿನಲ್ಲಿ ಬೂದಿ ಬೆರೆಸಿ ಮಡಕೆಯಲ್ಲಿಟ್ಟ ಬಿತ್ತನೆ ಅವರೆಯ ಸೇರುಗಳ ಲೆಕ್ಕವಿರುತ್ತದೆ.