ಮ್ಯಾಪ್ ಕೆಟ್ಟಿದೆಯೋ, ನಿಮ್ಮ ಕಂಪ್ಯೂಟರೋ?

‘ಕೌಂಟರ್-ಸ್ಟ್ರೈಕ್ 2’ ಆಡುವವರ ದೂರುಗಳು ಗೊತ್ತೇ ಇವೆ. ಎದುರಾಳಿ ನಿಂತಲ್ಲಿಂದ ತಟ್ಟನೆ ಜಿಗಿದಂತೆ ಕಾಣುತ್ತಾನೆ, ಗೋಡೆ ಮಿನುಗುತ್ತದೆ, ಗುಂಡು ಖಾಲಿ ಜಾಗಕ್ಕೆ ತಗುಲಿ ನಿಲ್ಲುತ್ತದೆ. ಎಲ್ಲವನ್ನೂ ಮ್ಯಾಪಿನ ತಲೆಗೆ ಕಟ್ಟುವ ಮೊದಲು ಒಂದಿಷ್ಟು ಪರೀಕ್ಷೆ ಮಾಡಿ.

ಸೆಟ್ಟಿಂಗ್ಸ್‌ನ ‘ಗೇಮ್’ ವಿಭಾಗದಲ್ಲಿ ‘ಟೆಲಿಮೆಟ್ರಿ’ ಇದೆ. ಎಫ್‌ಪಿಎಸ್, ಪಿಂಗ್, ಪ್ಯಾಕೆಟ್ ಲಾಸ್ ಸದಾ ಪರದೆಯ ಮೇಲೆ ಕಾಣುವಂತೆ ಇಟ್ಟುಕೊಳ್ಳಿ. ಎದುರಾಳಿ ಜಿಗಿದಾಗ ಎಫ್‌ಪಿಎಸ್ ಅಲುಗಾಡದೆ ಪಿಂಗ್ ಮಾತ್ರ ಏರಿದ್ದರೆ ಗ್ರಾಫಿಕ್ಸ್ ತಂಟೆಗೆ ಹೋಗಬೇಡಿ. ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ.

ಎಫ್‌ಪಿಎಸ್ಸೇ ಕುಸಿಯುತ್ತಿದ್ದರೆ ರೆಸಲ್ಯೂಷನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿ. ಒಂದೊಂದು ಫ್ರೇಮಿಗೂ ಬಿಡಿಸಬೇಕಾದ ಪಿಕ್ಸೆಲ್‌ಗಳು ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತವೆ. ವಿ-ಸಿಂಕ್ ಆಫ್ ಇರಲಿ, ಇಲ್ಲವಾದರೆ 60 ಹರ್ಟ್ಜ್ ಪರದೆಯಲ್ಲಿ ಲೆಕ್ಕ 60 ದಾಟುವುದಿಲ್ಲ. ಎಫ್‌ಪಿಎಸ್ ಚೆನ್ನಾಗಿ ಏರಿತೇ? ಸುಸ್ತಾಗಿರುವುದು ಗ್ರಾಫಿಕ್ಸ್ ಕಾರ್ಡ್. 1080ಕ್ಕೇ ಮರಳಿ, ಆ್ಯಂಟಿ-ಅಲಿಯಾಸಿಂಗ್ ಅನ್ನು 8ಎಕ್ಸ್‌ನಿಂದ 2ಎಕ್ಸ್‌ಗೆ ತನ್ನಿ, ಆ್ಯಂಬಿಯೆಂಟ್ ಅಕ್ಲೂಷನ್ ಆಫ್ ಮಾಡಿ, ಶೇಡರ್ ಡೀಟೇಲ್ ಇಳಿಸಿ. ಏರಲೇ ಇಲ್ಲವೇ? ಹೊರೆ ಬಿದ್ದಿರುವುದು ಪ್ರೊಸೆಸರ್ ಮೇಲೆ. ಟೆಕ್ಸ್ಚರ್ ಇಳಿಸಿ ಆಟದ ಅಂದ ಕೆಡಿಸಿಕೊಂಡರೂ ಲಾಭವಿಲ್ಲ. ಹಿಂದೆ ತೆರೆದಿರುವ ಬ್ರೌಸರ್ ಮುಚ್ಚಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಆಡಿ, ಬ್ಯಾಟರಿಯಲ್ಲಿ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ.

‘ಎಲ್ಲವನ್ನೂ ಲೋ ಮಾಡಿಬಿಡು’ ಎನ್ನುವ ಗೆಳೆಯರ ಸಲಹೆ ನನಗೆ ಒಪ್ಪಿಗೆಯಿಲ್ಲ. ಈ ಆಟದಲ್ಲಿ ಮೂಲೆಯಾಚೆ ಬರುವವನಿಗಿಂತ ಮೊದಲು ಅವನ ನೆರಳು ನೆಲದ ಮೇಲೆ ಬೀಳುವುದುಂಟು. ನೆರಳಿನ ಗುಣಮಟ್ಟವನ್ನು ತೀರಾ ತಳಕ್ಕೆ ಇಳಿಸಿದರೆ ಆ ಸುಳಿವು ಕೈತಪ್ಪಬಹುದು. ‘ಬೂಸ್ಟ್ ಪ್ಲೇಯರ್ ಕಾಂಟ್ರಾಸ್ಟ್’ ಕೂಡ ಆನ್ ಇರಲಿ.

ಪರದೆಯಲ್ಲಿ ಚೂಪು ತ್ರಿಕೋನಗಳು, ವಿಚಿತ್ರ ಬಣ್ಣಗಳು ಬಂದರೆ ಎಫ್12 ಒತ್ತಿ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಮೊಬೈಲಿನಲ್ಲಿ ನೋಡಿ. ಚಿತ್ರ ಶುದ್ಧವಾಗಿದ್ದರೆ ಮಾನಿಟರ್ ಅಥವಾ ಕೇಬಲ್ ಮೇಲೆ ಅನುಮಾನ. ಚಿತ್ರದಲ್ಲೂ ತ್ರಿಕೋನವಿದ್ದರೆ ಕಾರ್ಡಿನ ಬಿಸಿ, ಓವರ್‌ಕ್ಲಾಕ್, ಡ್ರೈವರ್ ಪರೀಕ್ಷಿಸಿ. ಸ್ಟೀಮ್ ಲೈಬ್ರರಿಯಲ್ಲಿ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನ ‘ಇನ್‌ಸ್ಟಾಲ್ಡ್ ಫೈಲ್ಸ್’ನಲ್ಲಿ ಕಡತಗಳನ್ನು ‘ವೆರಿಫೈ’ ಮಾಡಿಸಿ.

ಇಷ್ಟಾದ ಮೇಲೂ ಗೆಳೆಯನ ಕಂಪ್ಯೂಟರಿನಲ್ಲಿ, ಅದೇ ಜಾಗದಲ್ಲಿ, ಅದೇ ಎಡವಟ್ಟು ಆದರೆ ಅದು ಮ್ಯಾಪಿನದೇ. ಕಾರಣ ಸರಳ: ಕಣ್ಣಿಗೆ ಕಾಣುವ ಗೋಡೆಯೇ ಬೇರೆ, ಮೈಗೆ ತಾಗುವ ಗೋಡೆಯೇ ಬೇರೆ. ಎರಡನ್ನೂ ಪ್ರತ್ಯೇಕವಾಗಿ ಕಟ್ಟಿರುತ್ತಾರೆ. ಅವು ಕೂದಲೆಳೆಯಷ್ಟು ಹೊಂದದಿದ್ದರೂ ಆಟಗಾರ ಗಾಳಿಯಲ್ಲಿ ನಿಂತಂತೆ ನಿಲ್ಲಬಲ್ಲ. ಇದಕ್ಕೆ ‘ಪಿಕ್ಸೆಲ್ ವಾಕ್’ ಎನ್ನುತ್ತಾರೆ. 2014ರ ಡ್ರೀಮ್‌ಹ್ಯಾಕ್ ವಿಂಟರ್ ಕ್ವಾರ್ಟರ್‌ಫೈನಲ್‌ನಲ್ಲಿ, ಹಿಂದಿನ ‘ಸಿಎಸ್: ಜಿಓ’ ಕಾಲದಲ್ಲಿ, ಸ್ವೀಡನ್ನಿನ ಫ್ನಾಟಿಕ್ ತಂಡ ‘ಓವರ್‌ಪಾಸ್’ ಮ್ಯಾಪಿನಲ್ಲಿ ಒಬ್ಬರ ಮೇಲೊಬ್ಬರು ಹತ್ತಿ ಇಂಥ ಎತ್ತರವೊಂದನ್ನು ಹಿಡಿಯಿತು. ಫ್ರಾನ್ಸಿನ ಎಲ್‌ಡಿಎಲ್‌ಸಿ ಎದುರು 3-13ರ ಹಿನ್ನಡೆ 16-13ರ ಗೆಲುವಾಯಿತು. ದೂರು ಬಂತು, ಆಯೋಜಕರು ಮರುಪಂದ್ಯ ಎಂದರು, ಫ್ನಾಟಿಕ್ ಹಿಂದೆ ಸರಿಯಿತು. ಟ್ರೋಫಿ ಕೊನೆಗೆ ಎಲ್‌ಡಿಎಲ್‌ಸಿಯ ಪಾಲಾಯಿತು!

ನಿಮಗೂ ಅಂಥ ಜಾಗ ಸಿಕ್ಕರೆ ಪಂದ್ಯದಲ್ಲಿ ಬಳಸಬೇಡಿ. ಪ್ರಾಕ್ಟೀಸ್ ಮೋಡ್‌ನಲ್ಲಿ ಚೀಟ್ಸ್ ಆನ್ ಮಾಡಿ, ಕನ್ಸೋಲ್‌ನಲ್ಲಿ ‘ಗೆಟ್‌ಪೋಸ್’ ಆದೇಶ ಕೊಟ್ಟರೆ ನಿಂತ ಜಾಗದ ನಿಖರ ಅಂಕಿಗಳು ಸಿಗುತ್ತವೆ. ಮ್ಯಾಪಿನ ಹೆಸರು, ಆ ಅಂಕಿಗಳು, ಚಿಕ್ಕದೊಂದು ವಿಡಿಯೊ ಸೇರಿಸಿ ಆಟ ರೂಪಿಸಿದ ವಾಲ್ವ್‌ಗೆ ತಿಳಿಸಿ. ಮುಂದಿನ ಅಪ್‌ಡೇಟ್ ಬಂದಾಗ ಅದೇ ಅಂಕಿ ಹಿಡಿದು ಅದೇ ಜಾಗಕ್ಕೆ ಹೋಗಿ, ಸರಿಯಾಗಿದೆಯೇ ನೋಡಿ.