ಗಾಡಿ ಹೊರಡುವ ಮುನ್ನ ಆನಿಂಗ್ ನೋಡಮ್ಮ

ಡೆನ್ವರ್‌ನಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್ ನೋಡಿ ಬರ್ತೀವಿ ದೊಡ್ಡಪ್ಪ ಅಂದೆಯಲ್ಲ, ತುಂಬ ಸಂತೋಷವಾಯಿತಮ್ಮ. ಒಲೆ, ಹಾಸಿಗೆ, ನೀರಿನ ಟ್ಯಾಂಕು ಎಲ್ಲವನ್ನೂ ಬಾಡಿಗೆಯವರು ತೋರಿಸಿಕೊಡುತ್ತಾರೆ. ಬಾಗಿಲ ಮೇಲೆ ಸುರುಳಿ ಸುತ್ತಿಕೊಂಡಿರುವ ನೆರಳುಬಟ್ಟೆ, ಆ ಆನಿಂಗ್, ಅದನ್ನು ಬಿಚ್ಚುವುದನ್ನೂ ತೋರಿಸಿಯಾರು. ಓಡುವ ಗಾಡಿಯಲ್ಲಿ ಅದು ತಾನಾಗಿ ಬಿಚ್ಚಿಕೊಳ್ಳದ ಹಾಗೆ ಭದ್ರ ಮಾಡುವುದನ್ನು ಮಾತ್ರ ನೀವೇ ಕೇಳಿ ಕಲಿಯಬೇಕು.

ನಿಮ್ಮ ದಾರಿಯಲ್ಲಿ ಲಾರಾಮಿಯಿಂದ ರಾಲಿನ್ಸ್‌ವರೆಗೆ ಇಂಟರ್‌ಸ್ಟೇಟ್ 80 ಸಿಗುತ್ತದೆ. ಎಲ್ಕ್ ಮೌಂಟನ್ ಪಕ್ಕದ ಆ ಬಯಲು ಗಾಳಿಗೇ ಹೆಸರಾದ ಜಾಗ. ಗಾಳಿ ವಿಪರೀತವಾದ ದಿನ ಹಗುರವಾದ ಎತ್ತರದ ಗಾಡಿಗಳು ಬರಬೇಡಿ ಎಂದು ವಯೋಮಿಂಗ್ ರಸ್ತೆ ಇಲಾಖೆಯವರೇ ಎಚ್ಚರಿಸುತ್ತಾರೆ. ಅಂಥ ದಿನ ಹಟ ಬೇಡ, ಊರೊಳಗೇ ಉಳಿದುಬಿಡಿ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ಅಮೆರಿಕದ ಗಾಡಿಗಳಲ್ಲಿ ಆನಿಂಗ್ ಇರುವುದು ಬಲಗಡೆ. ಹಾಗಾಗಿ ಹೋಗುವಾಗ ಗಾಳಿಯ ಹೊಡೆತ ಮುಂದಕ್ಕೂ ಎಡಕ್ಕೂ ಬೀಳುತ್ತದೆ, ಆನಿಂಗ್ ಮರೆಯಲ್ಲಿರುತ್ತದೆ. ಅದೇ ದಾರಿಯಲ್ಲಿ ವಾಪಸು ಬರುವಾಗ ಬಲಮಗ್ಗುಲೇ ಗಾಳಿಗೆ ಎದುರು. ಹೋಗುವಾಗ ಏನೂ ಆಗಲಿಲ್ಲವಲ್ಲ ಎಂದು ಬರುವಾಗ ಸಡಿಲ ಬಿಡಬೇಡಿ.

ಸುರುಳಿಯಲ್ಲಿ ಬಟ್ಟೆ ಒಂದಿಷ್ಟು ಸಡಿಲವಿದ್ದರೆ ಸಾಕು, ಗಾಳಿ ಅದರಡಿ ನುಗ್ಗಿ ಎತ್ತುತ್ತದೆ. ಸುರುಳಿ ಒಂದು ಸುತ್ತು ತಿರುಗಿತೋ, ಆಮೇಲೆ ಬಟ್ಟೆ ದೋಣಿಯ ಹಾಯಿಯಂತೆ ಉಬ್ಬಿ, ಅದನ್ನು ಹಿಡಿದಿರುವ ಆನಿಂಗಿನ ಕೈಗಳನ್ನು ಬಾಗಿಸಿ, ಗಾಡಿಯ ಗೋಡೆಯನ್ನೂ ಕಿತ್ತುಕೊಂಡು ಹೋಗಬಲ್ಲದು. ಹಿಂದೆ ಬರುವ ಕಾರಿನವರ ಪಾಡೇನು, ಯೋಚಿಸು.

ಕೈಯಲ್ಲಿ ಸುತ್ತುವ ಆನಿಂಗ್ ಆದರೆ ಸುರುಳಿಯ ತುದಿಯಲ್ಲೊಂದು ಸಣ್ಣ ಲಿವರ್ ಇರುತ್ತದೆ. ಅದನ್ನು ಸುತ್ತುವ ಕಡೆಗೇ ಬಿಟ್ಟಿರಬೇಕು. ಆಗ ಸುರುಳಿ ಬಿಚ್ಚುವ ದಿಕ್ಕಿಗೆ ತಿರುಗುವುದಿಲ್ಲ. ಕೈಗಳ ಹಿಂದಿನ ತಿರುಪುಗಳನ್ನೂ ಬಿಗಿ ಮಾಡಿ. ಗುಂಡಿ ಒತ್ತಿ ಸುತ್ತುವ ಆನಿಂಗಿನಲ್ಲಿ ಬಹುತೇಕ ಎಲ್ಲ ಭಾರವನ್ನೂ ಮೋಟರ್ ಮತ್ತು ಅದರ ಗಿಯರೇ ತಡೆದಿರಬೇಕು. ಬಾಡಿಗೆ ಗಾಡಿಯ ಮೋಟರ್ ಎಷ್ಟು ಸವೆದಿದೆಯೋ ನಮಗೇನು ಗೊತ್ತು? ಅದಕ್ಕೇ ಎರಡೂ ಕಡೆಯ ಕೈಗಳನ್ನು ಅಗಲವಾದ ವೆಲ್ಕ್ರೋ ಪಟ್ಟಿಯಿಂದ ಬಿಗಿದುಕಟ್ಟಿ. ಖರ್ಚು ಅಲ್ಪ, ನೆಮ್ಮದಿ ದೊಡ್ಡದು. ಬಿಡಾರ ಹೂಡಿದಾಗ ಮೊದಲು ಪಟ್ಟಿ ಬಿಚ್ಚಿ, ಆಮೇಲೆ ಗುಂಡಿ ಒತ್ತಿ. ಮರೆತರೆ ಕೈಗಳು ಸೊಟ್ಟಗಾಗುತ್ತವೆ.

ಪೆಟ್ರೋಲ್‌ಗೆ, ಕಾಫಿಗೆ ನಿಂತಾಗಲೆಲ್ಲ ಬಲಗಡೆ ಒಂದು ಸಲ ಕಣ್ಣು ಹಾಯಿಸಿ. ಮಳೆಯಲ್ಲಿ ಒದ್ದೆಯಾಗಿದ್ದರೆ ಮುಂದಿನ ಬಿಡಾರದಲ್ಲಿ ಬಿಚ್ಚಿ ಒಣಗಿಸಿ, ಇಲ್ಲದಿದ್ದರೆ ಬೂಸಲು ಬರುತ್ತದೆ.

ಓಡುವಾಗಲೇ ಪಟಪಟ ಸದ್ದು ಕೇಳಿಸಿದರೆ ಗಾಬರಿಯಿಂದ ಬ್ರೇಕ್ ತುಳಿಯಬಾರದು. ವೇಗ ನಿಧಾನವಾಗಿ ಇಳಿಸಿ, ಹತ್ತಿರದ ಎಕ್ಸಿಟ್ ಹಿಡಿದು, ಗಾಳಿಗೆ ಮರೆಯಾದ ಕಡೆ ನಿಲ್ಲಿಸಿ. ಪೂರ್ತಿ ಬಿಚ್ಚಿಕೊಂಡಿದ್ದರೆ ಎಕ್ಸಿಟ್‌ಗೆ ಕಾಯದೆ, ರಸ್ತೆಯ ಬಲ ಅಂಚಿಗೆ ಆದಷ್ಟು ಸರಿದು ಹಜಾರ್ಡ್ ಲೈಟ್ ಹಾಕಿ, ಬಾಡಿಗೆಯವರಿಗೆ ಫೋನ್ ಮಾಡಿ. ನಿನ್ನ ಗಂಡ ಏನು ರಿಪೇರಿ ಮಾಡಿದರೂ ಸುರುಳಿಯ ತುದಿಯ ಮುಚ್ಚಳಕ್ಕೆ ಕೈ ಹಾಕಕೂಡದು. ಕೈಯಲ್ಲಿ ಸುತ್ತುವ ಆನಿಂಗಿನ ಸುರುಳಿಯ ಕೊಳವೆಯೊಳಗೆ ಬಿಗಿಯಾಗಿ ತಿರುಚಿದ ಸ್ಪ್ರಿಂಗ್ ಇರುತ್ತದೆ. ಅದು ಒಮ್ಮೆಲೇ ಬಿಚ್ಚಿಕೊಂಡರೆ ಬೆರಳು ಮುರಿಯುತ್ತದೆ.

ಕೆಲವು ಬಾಡಿಗೆ ಕರಾರುಗಳಲ್ಲಿ ಆನಿಂಗ್ ಹಾಳಾದರೆ ವಿಮೆ ಸಿಗುವುದಿಲ್ಲ. ಸಹಿ ಹಾಕುವ ಮುನ್ನ ಆ ಸಾಲು ಹುಡುಕಿ ಓದಮ್ಮ, ಗಾಡಿ ಪಡೆಯುವಾಗಲೇ ಬಟ್ಟೆ ಪೂರ್ತಿ ಬಿಚ್ಚಿಸಿ ಫೋಟೋ ತೆಗೆದಿಟ್ಟುಕೊ.