ಜಿಎಜಿ, ಜಿಯುಜಿ ಮತ್ತು ಚಿಕ್ಕಮ್ಮನ ಥೈರಾಯ್ಡ್ ವರದಿ

ಕಳೆದ ರಜೆಯಲ್ಲಿ ಚಿಕ್ಕಮ್ಮನ ಕುತ್ತಿಗೆಯ ಗಂಟಿನ ವರದಿ ಬಂತು. ಥೈರಾಯ್ಡ್‌ನ ಪ್ಯಾಪಿಲರಿ ಕ್ಯಾನ್ಸರ್. ಕೆಳಗೆ 'ಬಿಆರ್‌ಎಎಫ್ ವಿ600ಇ ಪಾಸಿಟಿವ್'. ಪಾಸಿಟಿವ್ ಎಂದರೆ ಹರಡಿದೆ ಎಂದೇ ಮನೆಯವರೆಲ್ಲ ತಿಳಿದರು. ಮನೆಯಲ್ಲಿ ವಿಜ್ಞಾನ ಓದುವವಳು ನಾನೊಬ್ಬಳೇ. ಎಲ್ಲರೂ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ.

ಹುಡುಕಿ ಓದಿದಾಗ ಸಿಕ್ಕಿದ್ದು ನಮ್ಮದೇ ಪಾಠ. ಸಿಕಲ್ ಸೆಲ್ ಅನೀಮಿಯಾ ಓದಿದ್ದೇವಲ್ಲ? ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 6ನೇ ಸ್ಥಾನದಲ್ಲಿ ಜಿಎಜಿ ಹೋಗಿ ಜಿಯುಜಿ ಬರುತ್ತದೆ. ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್. ಬಿಆರ್‌ಎಎಫ್ ಪ್ರೋಟೀನಿನಲ್ಲಿ ಇದು ತಿರುಗುಮುರುಗು: 600ನೇ ಸ್ಥಾನದಲ್ಲಿ ಜಿಯುಜಿ ಹೋಗಿ ಜಿಎಜಿ, ವ್ಯಾಲಿನ್ ಜಾಗಕ್ಕೆ ಗ್ಲುಟಾಮಿಕ್ ಆಮ್ಲ. 'ವಿ' ಮತ್ತು 'ಇ' ಆ ಎರಡು ಅಮೈನೋ ಆಮ್ಲಗಳ ಸಂಕೇತಾಕ್ಷರಗಳು.

ಬಿಆರ್‌ಎಎಫ್ ಜೀವಕೋಶಕ್ಕೆ 'ವಿಭಜಿಸು' ಎಂಬ ಸಂದೇಶ ದಾಟಿಸುವ ಸ್ವಿಚ್. ಗ್ಲುಟಾಮಿಕ್ ಆಮ್ಲದ ಋಣ ಆವೇಶದಿಂದ ಸ್ವಿಚ್ ಆನ್ ಆಗಿಯೇ ಉಳಿಯುತ್ತದೆ. ಅಂಥ ಕೋಶ ಅಯೋಡಿನ್ ಹೀರುವ ಗುಣವನ್ನೂ ಕಳೆದುಕೊಳ್ಳಬಹುದು. ಆಗ ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಅಷ್ಟಾಗಿ ತಾಗುವುದಿಲ್ಲ.

ಚಿಕ್ಕಮ್ಮನ ಚಿಂತೆ ಬೇರೆಯೇ: "ನನ್ನ ಮಕ್ಕಳಿಗೂ ಬರುತ್ತದಾ?" ಸಿಕಲ್ ಸೆಲ್ ವಂಶಪಾರಂಪರ್ಯ. ಆದರೆ ಈ ಬದಲಾವಣೆ ಹುಟ್ಟಿದ್ದು ಗಂಟಿನ ಕೋಶಗಳಲ್ಲಿ, ಅಂಡಾಣುವಿನಲ್ಲಲ್ಲ. ಇದು ಮಕ್ಕಳಿಗೆ ದಾಟುವುದಿಲ್ಲ ಎಂದು ಧೈರ್ಯವಾಗಿ ಹೇಳಿದೆ.

ಹಾಗಾದರೆ ಹರಡುತ್ತದೆಯೇ? ಪ್ಯಾಪಿಲರಿ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ಗಂಟಿನಲ್ಲಿ ವಿ600ಇ ಇರುತ್ತದೆ, ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯ ನಂತರ ಚೆನ್ನಾಗಿಯೇ ಇರುತ್ತಾರೆ. ಅರ್ಧ ತರಗತಿ ನೀಲಿ ಪೆನ್ನು ಹಿಡಿದಿದ್ದರೆ, ಪೆನ್ನು ನೋಡಿ ಫೇಲಾಗುವವರನ್ನು ಗುರುತಿಸಲಾದೀತೇ? ಈ ಸೂಚಕ ಒಂಟಿಯಾಗಿ ಅಷ್ಟೇ ದುರ್ಬಲ.

ಜೊತೆಗೆ ಟರ್ಟ್ ಎಂಬ ಜೀನಿನ ಪ್ರೊಮೋಟರ್ ಕೂಡ ಬದಲಾಗಿದ್ದರೆ ಮಾತು ಬೇರೆ. ಪ್ರತಿ ವಿಭಜನೆಗೂ ವರ್ಣತಂತುಗಳ ತುದಿ, ಅಂದರೆ ಟೆಲೊಮಿಯರ್, ಸವೆಯುತ್ತದೆ. ಟರ್ಟ್ ಅದನ್ನು ಮತ್ತೆ ಕಟ್ಟುವ ಕಿಣ್ವದ ಭಾಗ. ಪ್ರೊಮೋಟರಿನಲ್ಲಿ ಸಿ228ಟಿ ಅಥವಾ ಸಿ250ಟಿ ಬದಲಾವಣೆಯಾದರೆ ಇಟಿಎಸ್ ಗುಂಪಿನ ಪ್ರೋಟೀನುಗಳು ಅಂಟಿಕೊಳ್ಳಲು ಹೊಸ ಜಾಗ ಸಿಗುತ್ತದೆ. ಆ ಗುಂಪನ್ನು ಚುರುಕುಗೊಳಿಸುವುದು ಬಿಆರ್‌ಎಎಫ್‌ನ ಸಂದೇಶ ಸರಪಳಿಯೇ! ಒಂದು ಬಾಗಿಲು ತೆರೆದಿಟ್ಟರೆ ಇನ್ನೊಂದು ಒಳಗೆ ತಳ್ಳಿದಂತೆ. ಎರಡೂ ಇದ್ದಾಗ ಕ್ಯಾನ್ಸರ್ ಮರುಕಳಿಸುವ, ದೂರದ ಅಂಗಗಳಿಗೆ ಹರಡುವ ಅಪಾಯ ಸ್ಪಷ್ಟವಾಗಿ ಹೆಚ್ಚು.

ವರದಿಯನ್ನು ಮತ್ತೆ ತೆಗೆದು ನೋಡಿದೆ. ಗಾಬರಿಯಲ್ಲಿ ಯಾರೂ ಓದದ ಮುಂದಿನ ಸಾಲಿನಲ್ಲಿ 'ಟರ್ಟ್ ನೆಗೆಟಿವ್' ಎಂದಿತ್ತು. ಹಾಗೆಂದು ವೈದ್ಯರು ಸುಮ್ಮನಾಗಲಿಲ್ಲ; ಕುತ್ತಿಗೆಯ ದುಗ್ಧಗ್ರಂಥಿಗಳನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿಯೇ ಶಸ್ತ್ರಚಿಕಿತ್ಸೆ ಮಾಡಿದರು. ಈಗ ಆಗಾಗ ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ ನೋಡಿಸಬೇಕು. ಮುಂದಿನ ಸರದಿ ನಮ್ಮ ಪ್ರಾಕ್ಟಿಕಲ್ ಪರೀಕ್ಷೆಯ ವಾರವೇ ಬಂದಿದೆ.